ಇಂಜೆಕ್ಷನ್ ಕೊಠಡಿಯಲ್ಲಿ ಬಾಲರಾಯರು

ಜೂನ್ 3, ಮಂಗಳವಾರ

ಬೆಳಿಗ್ಗೆಯಿಂದ ಅಂಗಡಿಯಲ್ಲಿ ಆಸ್ಪತ್ರೆಯ ಫಲಕ ಮಾಡುವುದೇ ಕೆಲಸ. 'ಎಕ್ಸ್-ರೇ', 'ಔಷಧಿ', 'ಸಾಲಿನಲ್ಲಿ ಬನ್ನಿ'. ಎಲ್ಲವೂ ದೊಡ್ಡಪ್ಪನಿಗೆ ಇಷ್ಟವಾದ ಅಕ್ಷರದಲ್ಲಿ — ದಪ್ಪ, ನೆಟ್ಟಗೆ, ಅಟೆನ್ಷನ್‌ನಲ್ಲಿ ನಿಂತ ಪೊಲೀಸರ ಹಾಗೆ. ಫಲಕದ ಅಂಗಡಿ ಅವರದು, ಅಕ್ಷರವೂ ಅವರದೇ.

ಈ ಸಂದರ್ಭದಲ್ಲಿ ಶ್ರೀಮಾನ್ ಬಾಲರಾಯರನ್ನು ಸ್ಮರಿಸುವುದು ನನ್ನ ಕರ್ತವ್ಯ. ನಿನ್ನೆ ಕಂಪ್ಯೂಟರಿಗೆ ದಯಮಾಡಿಸಿದ ಹೊಸ ಫಾಂಟು. ಇಟಾಲಿಕ್. ಪ್ರತಿ ಅಕ್ಷರವೂ ಬಲಕ್ಕೆ ವಾಲಿ, ಬಾಲ ಬೀಸಿ, ತುದಿಯಲ್ಲಿ ಸುರುಳಿ ಸುತ್ತಿಕೊಂಡು... ನಾಮಕರಣ ನನ್ನದು. ತೀರ್ಪು ದೊಡ್ಡಪ್ಪನದು: "ಏನಮ್ಮಾ, ಅಕ್ಷರಕ್ಕೆ ತಲೆಸುತ್ತು ಬಂದಿದ್ಯಾ?"

ಜೂನ್ 4, ಬೆಳಿಗ್ಗೆ

ದೊಡ್ಡಪ್ಪನ ಕನ್ನಡಕ ರಿಪೇರಿಗೆ ಹೋಗಿದೆ. ದುರ್ಬುದ್ಧಿ ತಾನಾಗೇ ಬಂತು. 'ಇಂಜೆಕ್ಷನ್ ಕೊಠಡಿ' ಒಂದನ್ನು ಮಾತ್ರ ಬಾಲರಾಯರಿಗೆ ಒಪ್ಪಿಸಿ, ಪ್ರೂಫ್ ಹಾಳೆ ಹಿಡಿದು ದೊಡ್ಡಪ್ಪನ ಸಹಿಗೆ ನಿಂತೆ.

"ನೀನೇ ಓದಮ್ಮ," ಎಂದರು.

ಪ್ರಮಾಣವಚನದ ಗಾಂಭೀರ್ಯದಲ್ಲಿ ಓದಿದೆ. ಸಹಿ ಹಾಕಿಬಿಟ್ಟರು! ಸಂಜೆ ಕನ್ನಡಕ ಬಂದ ಮೇಲೆ ತೋರಿಸಿ, ಮುಖ ನೋಡಬೇಕು.

ಅದೇ ದಿನ, 4.30

ಊಟ ಮುಗಿಸಿ ಬಂದರೆ ಮೇಜಿನ ಮೇಲೆ ಪ್ರೂಫ್ ಇಲ್ಲ. ಕಟಿಂಗ್ ಅಣ್ಣ ಎಲ್ಲವನ್ನೂ ಕತ್ತರಿಸಿ, ಅಂಟಿಸಿ, ಗಾಡಿ ಹತ್ತಿಸಿಯೂ ಆಗಿದೆ.

"ಸೈನ್ ಇತ್ತಲ್ಲ ತಂಗಿ?"

ಇತ್ತು. ಅದೇ ನನ್ನ ಕರ್ಮ.

ಹೋದ ತಿಂಗಳಷ್ಟೇ ದೊಡ್ಡಪ್ಪ ಹೇಳಿದ್ದರು — "ಇನ್ನೊಂದು ಕಿತಾಪತಿ ಮಾಡು, ಸೀದಾ ನಿಮ್ಮಮ್ಮನ ಹತ್ರ ಬಿಟ್ಟು ಬರ್ತೀನಿ." ನನಗೆ ಈ ಅಂಗಡಿ ಬೇಕು. ಅಂಟಿನ ವಾಸನೆ, ಮಷೀನಿನ ಕಿರಗುಟ್ಟುವಿಕೆ, ಎಲ್ಲವೂ ಬೇಕು. ಅದೂ ಅವರಿಗೆ ಕಣ್ಣು ಕಾಣದ ಹೊತ್ತು ನೋಡಿ... ಛೆ.

ಜೂನ್ 9

ನಾಲ್ಕು ದಿನ ಬರೆಯಲಿಲ್ಲ. ಫೋನ್ ಬಂದಾಗಲೆಲ್ಲ ಜೀವ ಬಾಯಿಗೆ. ಇವತ್ತು ನೆಟ್ಟಗಿನ ಅಕ್ಷರದ ಫಲಕವೊಂದನ್ನು ಗುಟ್ಟಾಗಿ ಮಾಡಿಕೊಂಡು, ಸ್ಕ್ರೂಡ್ರೈವರ್ ಸಮೇತ ಆಸ್ಪತ್ರೆಗೆ ಹೋದೆ. ಬದಲಾಯಿಸಿ ಓಡಿಬರುವ ಯೋಜನೆ.

ಬಾಗಿಲ ಮೇಲೆ ಫಲಕವೇ ಇಲ್ಲ! ನಾಲ್ಕು ತೂತು ಮಾತ್ರ. ಕಿತ್ತು ಬಿಸಾಕಿದ್ದಾರೆ. ಮುಗಿಯಿತು ನನ್ನ ಕಥೆ.

ಒಳಗೆ ಇಣುಕಿದೆ. ಕುರ್ಚಿಯ ಬಲಗಡೆ ಗೋಡೆಯ ಮೇಲೆ — ಸಾಕ್ಷಾತ್ ಬಾಲರಾಯರು. ಕುರ್ಚಿಯಲ್ಲೊಬ್ಬಳು ಪುಟ್ಟಿ. ಅವಳ ಎಡಗೈ ಹಿಡಿದು, ಸೂಜಿ ಎತ್ತಿದ ನರ್ಸಮ್ಮ, "ಆ 'ಕ್ಷ'ದ ಬಾಲ ಎಲ್ಲಿ ಮುಗಿಯುತ್ತೆ, ಹೇಳು ನೋಡೋಣ?"

ಪುಟ್ಟಿಯ ಬೆರಳು ಗಾಳಿಯಲ್ಲಿ ಒಂದು ಸುತ್ತು, ಎರಡು ಸುತ್ತು...

"ಆಯ್ತು, ಇಳಿ."

"ಇನ್ನೂ ಸಿಕ್ಕಿಲ್ಲ ಆಂಟಿ!"

ನರ್ಸಮ್ಮನ ಕಣ್ಣು ನನ್ನ ಸ್ಕ್ರೂಡ್ರೈವರ್ ಮೇಲೆ ಬಿತ್ತು. "ಏನೇ ಹುಡುಗಿ, ಅದನ್ನ ಮುಟ್ಟಿದ್ಯೋ, ಮುಂದಿನ ಸೂಜಿ ನಿನಗೇ."

ನೆಟ್ಟಗಿನ ಫಲಕವನ್ನು ಬಾಗಿಲಿಗೆ ಹಾಕಿ ಬಂದೆ. ದಾರಿಯುದ್ದಕ್ಕೂ ಒಬ್ಬಳೇ ನಗು. ಜನ ನೋಡಿದರು. ನೋಡಲಿ.

ಜೂನ್ 10, ಬೆಳಿಗ್ಗೆ

ಎಲ್ಲ ಒಪ್ಪಿಕೊಂಡೆ. ದೊಡ್ಡಪ್ಪ ಕನ್ನಡಕ ಒರೆಸಿದರು. ಮತ್ತೊಮ್ಮೆ ಒರೆಸಿದರು.

"ನಿನ್ನ ಬಾಯಿ ನಂಬಿ ಸಹಿ ಹಾಕಿದ್ದೆ ಮಗಳೇ."

ತಲೆ ತಗ್ಗಿಸಿದೆ. ಈ ಸಲ ನಾಟಕವಲ್ಲ.

"ನರ್ಸಮ್ಮ ಆಗ್ಲೇ ಫೋನ್ ಮಾಡಿದ್ರು. ಬಲಗೈಗೆ ಚುಚ್ಚೋವಾಗ ಮಕ್ಕಳು ಎಡಗಡೆ ನೋಡ್ಬೇಕಂತೆ. ಆ ಗೋಡೆಗೂ ಒಂದು ಬೇಕಂತೆ."

ನಾನು ಚೀಲ ಎತ್ತಿಕೊಂಡೆ, ಅಮ್ಮನ ಹತ್ತಿರ ಹೊರಡಲು. ಅವರು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿದರು.

"ಈ ಬಾಲ... ಎಡಕ್ಕೂ ತಿರುಗುತ್ತಾ?"

ಅಬ್ಬಾ! ತಿರುಗುತ್ತೆ ದೊಡ್ಡಪ್ಪ, ತಿರುಗುತ್ತೆ. ಕರೀತಿದ್ದಾರೆ, ಈಗಲೇ —