ನಾಲ್ಕನೆಯ ಹಳದಿ ಗೆರೆ

೧೧, ಮಂಗಳವಾರ. ಸಂಜೆ ಆರು

ಇಡೀ ದಿನ ಬೆನ್ನ ಮೇಲೆ. ಚಕ್ರದ ಹಲಗೆಯಲ್ಲಿ ಮಲಗಿ, ಕಾಲಿನಿಂದ ನೆಲ ತಳ್ಳುತ್ತ, ಒಂದು ಗಾಡಿಯ ಅಡಿಯಿಂದ ಇನ್ನೊಂದರ ಅಡಿಗೆ. ಇವತ್ತು ಐದು. ಎಲ್ಲವೂ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಗಳು. ಮೇಲೆ ಹಾಸಿಗೆ, ಒಲೆ, ಕಿಟಕಿಗೆ ಪರದೆ. ಕೆಳಗೆ, ಯಾರೂ ಬಗ್ಗಿ ನೋಡದ ಕಡೆ, ನೀರಿನ ಟ್ಯಾಂಕು. ಎರಡು ಕಬ್ಬಿಣದ ಪಟ್ಟಿ, ನಾಲ್ಕು ಬೋಲ್ಟು — ಅಷ್ಟೇ ಅದಕ್ಕೆ ಆಧಾರ. ರಸ್ತೆಯ ಕುಲುಕಾಟಕ್ಕೆ ಸಡಿಲವಾಗುತ್ತವೆ. ಬಿಗಿ ಮಾಡುವುದು ನನ್ನ ಕೆಲಸ.

ಬಿಗಿಯಾದ ಮೇಲೆ ನಟ್ಟಿನಿಂದ ಪಟ್ಟಿಯವರೆಗೆ ಹಳದಿ ಬಣ್ಣದ ಒಂದು ಗೆರೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಗೆರೆ ಇದೆ ಎಂದರೆ ಕೆಲಸ ಮುಗಿದಿದೆ. ವರ್ಕ್‌ಶಾಪಿನಲ್ಲಿ ಅದರ ಮೇಲೆ ಯಾರದ್ದೂ ಪ್ರಶ್ನೆಯಿಲ್ಲ.

ಕೊನೆಯದು ಅಕ್ಕನ ಗಾಡಿ. ನೀರು ತುಂಬಿಸಿಯೇ ನೋಡಿದೆ. ಟ್ಯಾಂಕು ಖಾಲಿ ಇದ್ದಾಗ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತದೆ. ಹಿಂದಿನ ಎಡಮೂಲೆಯ ತೂತು ಸವೆದು ಅಗಲವಾಗಿತ್ತು. ದಪ್ಪ ಬೋಲ್ಟು, ಅಗಲ ವಾಷರ್ ಹಾಕಿದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಮಲಗಿದ್ದೆ. ಟ್ಯಾಂಕಿನೊಳಗೆ ನೀರು ಮಗ್ಗುಲು ಬದಲಿಸುವ ಸದ್ದು... ಕೆರೆಯ ತಳದಲ್ಲಿ ಮಲಗಿ, ಮೇಲೆ ಹಾಯುವ ದೋಣಿಯ ಹೊಟ್ಟೆ ನೋಡುತ್ತಿರುವ ಹಾಗೆ. ಹೊರಗೆ ಬಂದಾಗ ಬಿಸಿಲು ಶೆಡ್ಡಿನ ಆ ಬದಿಗೆ ಹೋಗಿಬಿಟ್ಟಿತ್ತು.

“ಏನ್ ಎಂ.ಎ. ಮೇಡಂ, ಅಡೀಲೇ ಕವಿಗೋಷ್ಠಿ ಮುಗಿಸ್ಕೊಂಡು ಬಂದ್ರಾ?” — ಮೇಸ್ತ್ರಿ.

“ಅಧ್ಯಕ್ಷರು ಬರಲಿಲ್ಲ, ಅದಕ್ಕೇ ಬೇಗ ಮುಗೀತು” ಅಂದೆ.

೧೨, ಬುಧವಾರ

ಅಕ್ಕ ಪಾತ್ರೆ ಜೋಡಿಸುತ್ತಿದ್ದಾಳೆ. ಡಬ್ಬಿಗೆ ಎರಡು ತಟ್ಟೆ ಹಾಕಿದಳು. ಒಂದನ್ನು ತೆಗೆದಳು. ಮತ್ತೆ ಹಾಕಿದಳು. ನೋಡದ ಹಾಗೆ ಪುಸ್ತಕದ ಪುಟ ತಿರುಗಿಸಿದೆ.

ಹನ್ನೊಂದು ವರ್ಷ ಒಂದೇ ಮನೆ, ನಾವಿಬ್ಬರೇ. ಹೋದ ತಿಂಗಳು ನರ್ಸ್ ಕೆಲಸದಿಂದ ನಿವೃತ್ತಳಾದಳು. ಮೂವತ್ತೈದು ವರ್ಷ ಮಂಚದ ಮೇಲಿನವರನ್ನು ನೋಡಿ ಸಾಕಾಗಿದೆಯಂತೆ. ಇನ್ನು ಒಂದು ವರ್ಷ ಗಾಡಿ ಕಟ್ಟಿಕೊಂಡು ರಸ್ತೆ ನೋಡುತ್ತಾಳಂತೆ.

“ನೀನೂ ಬಾರೇ.”

“ನಂಗೆ ಕೆಲಸ ಇದೆ.”

“ಕೆಲಸವಂತೆ! ಗಾಡಿ ಅಡಿ ಮಲಗೋದು ತಾನೆ? ನನ್ನ ಗಾಡಿ ಅಡೀಲೇ ಬಂದು ಮಲಗು, ಬೇಡ ಅನ್ನಲ್ಲ.”

ನಕ್ಕೆ. ನಗು ಸರಿಯಾಗಿ ಕೂರಲಿಲ್ಲ.

೧೩, ಗುರುವಾರ. ಬೆಳಿಗ್ಗೆ ಎಂಟೂವರೆ

ಹೊರಟಳು. ಬೀದಿಯ ಕೊನೆಯಲ್ಲಿ ಗಾಡಿ ಒಂದು ಕ್ಷಣ ನಿಂತ ಹಾಗೆ ಕಂಡಿತು. ನಿಲ್ಲಲಿಲ್ಲ.

ಅವಳ ಕೋಣೆಯ ಬಾಗಿಲು ತೆರೆದೇ ಇದೆ. ಮುಚ್ಚಲು ಹೋದೆ. ಹಾಗೇ ಬಿಟ್ಟು ಬಂದೆ.

೧೫, ಶನಿವಾರ. ಹನ್ನೆರಡು ಗಂಟೆ

ಮೇಸ್ತ್ರಿಯ ಪಿಕಪ್ಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ. ಬರೆಯದಿದ್ದರೆ ಕೈ ಎಲ್ಲಿಡುವುದೆಂದೇ ತಿಳಿಯುತ್ತಿಲ್ಲ.

ಬೆಳಿಗ್ಗೆ ಮೇಸ್ತ್ರಿ ಜೇಬಿನಿಂದ ನಟ್ಟು ತಿರುಗಿಸುವ ಹತ್ತೊಂಬತ್ತರ ಸಾಕೆಟ್ ತೆಗೆದು ಪೆಟ್ಟಿಗೆಗೆ ಹಾಕಿದರು. “ಭಾವನ ಕಾರಿಗೆ ಬೇಕಿತ್ತು ಅಂತ ಸೋಮವಾರ ಮನೆಗೆ ಒಯ್ದಿದ್ದೆ ಮೇಡಂ. ಬೈಬೇಡಿ.”

ಬೈಯಲು ಬಾಯಿ ತೆರೆದೆ. ಬದಲು ಸಾಕೆಟ್ಟನ್ನು ಕೈಗೆತ್ತಿಕೊಂಡೆ. ಅಕ್ಕನ ಗಾಡಿಯ ಮೂರು ಬೋಲ್ಟಿಗೆ ಹದಿನೇಳರದ್ದು ಸಾಕು. ನಾಲ್ಕನೆಯ ದಪ್ಪ ಬೋಲ್ಟಿಗೆ ಹತ್ತೊಂಬತ್ತೇ ಆಗಬೇಕು. ಅದು ಮಂಗಳವಾರ ಶೆಡ್ಡಿನಲ್ಲೇ ಇರಲಿಲ್ಲ. ಹಾಗಾದರೆ ನಾನು ಬಿಗಿ ಮಾಡಿದ್ದು ಯಾವುದರಿಂದ?

ಆಗ ಒಂದೊಂದೇ ನೆನಪಾಯಿತು. ನಾಲ್ಕನೆಯ ನಟ್ಟನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದೆ. ಸಾಕೆಟ್‌ಗೆ ತಡಕಾಡಿದೆ, ಸಿಗಲಿಲ್ಲ. ಬಣ್ಣದ ಪೆನ್ನಿನ ಮುಚ್ಚಳ ತೆಗೆದಿತ್ತು. ಒಣಗಿಹೋದೀತೆಂದು ನಾಲ್ಕಕ್ಕೂ ಗೆರೆ ಎಳೆದೆ. ಸಾಕೆಟ್ ಸಿಕ್ಕ ಮೇಲೆ ಬಿಗಿ ಮಾಡಿ, ಅದೊಂದಕ್ಕೆ ಇನ್ನೊಮ್ಮೆ ಎಳೆದರಾಯಿತು ಅಂದುಕೊಂಡೆ. ಆಮೇಲೆ ಆ ನೀರಿನ ಸದ್ದು. ಆ ಕೆರೆ, ಆ ದೋಣಿ. ಕಣ್ಣು ಬಿಟ್ಟಾಗ ಎದುರಿಗೆ ನಾಲ್ಕು ಹಳದಿ ಗೆರೆ.

ನನ್ನ ಗೆರೆಯನ್ನು ನಾನೇ ನಂಬಿದೆ. ಮೇಸ್ತ್ರಿಗೆ ಹೇಳಿದೆ.

“ಗೆರೆ ಎಳೆದ್ರಾ? ಬಿಗಿ ಮಾಡ್ದೇನೇ?”

“ಹೂಂ.”

ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟರು. ಪಿಕಪ್ಪಿನ ಬೀಗದಕೈ ತೆಗೆದುಕೊಂಡರು. “ಹತ್ತಿ. ದಾರೀಲಿ ಬೈತೀನಿ.”

ಇಪ್ಪತ್ತು ಸಲ ಫೋನ್ ಮಾಡಿದೆ. ನಿನ್ನೆ ಅವಳು ಸರೋವರದ ಬದಿಯ ಕ್ಯಾಂಪಿಗೆ ತಲುಪಿರಬೇಕು. ಅಲ್ಲಿ ಸಿಗ್ನಲ್ ಇಲ್ಲ. ಶನಿವಾರ ಊಟ ಮುಗಿಸಿ ಘಾಟಿ ಇಳಿಯುತ್ತೇನೆಂದು ಹೇಳಿದ್ದಳು. ಟ್ಯಾಂಕಿನಲ್ಲಿ ನೂರೈವತ್ತು ಲೀಟರ್. ಎಂದರೆ ನೂರೈವತ್ತು ಕೆಜಿ. ಇಳಿಜಾರಿನ ತಿರುವಿನಲ್ಲಿ ಪಟ್ಟಿ ಕಳಚಿದರೆ — ಗಾಡಿ ಎತ್ತ ಎಳೆಯುತ್ತದೋ. ಹಿಂದೆ ಯಾರಾದರೂ ಬೈಕಿನಲ್ಲಿ...

ಮೇಸ್ತ್ರಿ ಇನ್ನೂ ಬೈದಿಲ್ಲ. ಬೈದರೆ ವಾಸಿ.

ಅದೇ ದಿನ. ಐದು ಗಂಟೆ

ಸಿಕ್ಕಳು.

ಕಾರಿಗೆ ಗಾಡಿ ಕಟ್ಟಿ ಆಗಿತ್ತು. ಹಗ್ಗದಿಂದ ಕೊನೆಯ ಟವೆಲ್ ತೆಗೆಯುತ್ತಿದ್ದಳು. ಹಿಂದೆ ಸರೋವರ, ಗಾಳಿಯಿಲ್ಲದೆ, ಯಾರೋ ಈಗಷ್ಟೇ ಒರೆಸಿಟ್ಟ ಹಾಗೆ. ನನ್ನನ್ನು ನೋಡಿ ಅವಳ ಮುಖ ಅರಳಿತು. ಅದನ್ನು ನೋಡಲಾಗಲಿಲ್ಲ.

“ಬಂದ್ಯಾ! ನಂಗೊತ್ತಿತ್ತು ಬರ್ತೀಯ ಅಂತ. ತಟ್ಟೆ ಎರಡು ತಂದಿದೀನಿ!”

ನೇರ ಗಾಡಿಯ ಅಡಿಗೆ ತೂರಿದೆ. ನಟ್ಟು ಇಳಿದಿಳಿದು ಕೊನೆಯ ಎರಡು ಸುತ್ತಿನ ಮೇಲೆ ನಿಂತಿತ್ತು. ಪಟ್ಟಿ ಜೋತುಬಿದ್ದಿತ್ತು. ಟ್ಯಾಂಕು ಒಂದು ಭುಜ ಇಳಿಸಿ ಕೂತಿತ್ತು. ಗೆರೆಯ ಅರ್ಧ ನಟ್ಟಿನ ಮೇಲೆ, ಇನ್ನರ್ಧ ಪಟ್ಟಿಯ ಮೇಲೆ. ಒಂದಕ್ಕೊಂದು ಗುರುತೇ ಇಲ್ಲದ ಹಾಗೆ.

ಅಲ್ಲಿಂದಲೇ, ಮಲಗಿಕೊಂಡೇ, ಎಲ್ಲ ಹೇಳಿದೆ. ಅವಳ ಚಪ್ಪಲಿ ಮಾತ್ರ ಕಾಣುತ್ತಿತ್ತು.

“ತಿರುವಿನಲ್ಲೆಲ್ಲ ಯಾರೋ ಬಾಗಿಲು ತಟ್ಟಿದ ಹಾಗೆ ಆಗ್ತಿತ್ತು” ಅಂದಳು. “ನೀನೇ ನನ್ನ ನೆನಸ್ಕೊಂಡ್ಯೇನೋ ಅಂದ್ಕೊಂಡು ಹಾಡು ಜೋರು ಮಾಡ್ದೆ.” ಆಮೇಲೆ, ಮೆಲ್ಲಗೆ: “ಬೇಕಂತಲೇ ಬಿಟ್ಯೇನೇ?”

“ಇಲ್ಲ ಅಕ್ಕ.”

“ಸರಿ ಬಿಡು. ಹೊರಗೆ ಬಾ.” ಬಂದೆ. “ಮೊಣಕೈ ತರಚಿಹೋಗಿದೆ ನೋಡು.” ನರ್ಸಿನ ಧ್ವನಿ. ಔಷಧಿ ಹಚ್ಚುವಾಗ ಕಣ್ಣಲ್ಲಿ ಕಣ್ಣಿಡಲಿಲ್ಲ.

ತೂತಿರುವ ಜಾಗಕ್ಕೆ ಒಂದು ದಪ್ಪ ತಗಡು ಕೂರಿಸಬೇಕಂತೆ. ಅದನ್ನು ಕೊಯ್ಯಿಸಿ ತರಲು ಮೇಸ್ತ್ರಿ ಪೇಟೆಗೆ ಹೋಗಿದ್ದಾರೆ. ಹೋಗುವಾಗ ಅಕ್ಕನಿಗೆ, “ನಿಮ್ಮ ತಂಗೀನ ನಾನು ಬೈದಿಲ್ಲಮ್ಮ, ನಿಮಗೇ ಅಂತ ಉಳಿಸಿದೀನಿ” ಅಂದರು. ಅಕ್ಕ ನಕ್ಕಳು. ನನ್ನ ಕಡೆ ತಿರುಗುವಷ್ಟರಲ್ಲಿ ನಗು ಮುಗಿದಿತ್ತು.

೧೬, ಭಾನುವಾರ. ಬೆಳಿಗ್ಗೆ ಒಂಬತ್ತು

ತಗಡು ಕೂತಿತು. ಹೊಸ ಬೋಲ್ಟು. ರೆಂಚನ್ನು ಅಕ್ಕನ ಕೈಗೆ ಕೊಟ್ಟೆ.

“ನಾನಾ? ಸೂಜಿ ಚುಚ್ಚೋ ಕೈ ಕಣೆ ಇದು.”

“ಅದೇ ಕೈ ಬೇಕು. ಸಾಕು ಅನ್ನೋದು ಅದಕ್ಕೆ ಗೊತ್ತಾಗತ್ತೆ. ಬಿಗಿಯಾದಾಗ ರೆಂಚೇ ಟಕ್ ಅನ್ನತ್ತೆ, ಆಗ ನಿಲ್ಲಿಸು.”

ಹಲಗೆ ಇಲ್ಲ, ಚಾಪೆಯ ಮೇಲೆ ಮಲಗಿ ಒಳಗೆ ಸರಿದಳು. ನಾನು ಗಾಡಿ ಹತ್ತಿ, ಕಿಟಕಿಯ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳ ಮಾತು ನೆಲದ ಹಲಗೆ ದಾಟಿ ಬರುತ್ತಿದೆ. ನೀರಿನೊಳಗಿನಿಂದ ಮಾತಾಡಿದ ಹಾಗೆ. ದಿನಕ್ಕೊಂದು ಸಲ ಹೀಗೆ ನೋಡಬೇಕು ತಾನೇ ಅಂತ ಕೇಳಿದಳು. ಹೊರಡುವ ಮುಂಚೆ ಪ್ರತಿ ಸಲ, ಅಂದೆ. ಬಂದು ಒಮ್ಮೆ ನೋಡಿ ಹೋಗು ಅಂದಳು. ನೋಡಲ್ಲ, ನಿನ್ನದೇ ಕೈ, ನಿನ್ನದೇ ಗೆರೆ, ಅಂದೆ. ರೆಂಚು ಇನ್ನೊಮ್ಮೆ ಟಕ್ ಅಂತು. ಆಮೇಲೆ ಬಣ್ಣದ ಪೆನ್ನು ಅಲ್ಲಾಡಿಸುವ ಸದ್ದು.

ಈಗ ಮುಂದೆ ಹೋಗಿ ಕಾರಿನಲ್ಲಿ ಕೂತಿದ್ದಾಳೆ. ನನ್ನನ್ನು ವಾಪಸ್ ಒಯ್ಯಲು ಮೇಸ್ತ್ರಿ ಪಿಕಪ್ಪಿನಲ್ಲಿ ಕಾಯುತ್ತಿದ್ದಾರೆ. “ಇಳಿಯೇ ತಾಯಿ, ಘಾಟಿ ಬಿಸಿಲಿಗೆ ಮುಂಚೆ ಇಳೀಬೇಕು!”

“ಒಂದೇ ಒಂದು ಸಾಲು ಬರ್ಕೊಂಡು ಇಳೀತೀನಿ!”

“ನಿನ್ನ ಒಂದು ಸಾಲು ಎಷ್ಟುದ್ದ ಅಂತ ನಂಗೊತ್ತಿಲ್ವಾ!”

ನಿನ್ನೆ ಅವಳಿಗೆ ‘ಇಲ್ಲ’ ಅಂದೆನಲ್ಲ, ಅದು ನಿಜ. ಬೇಕೆಂದು ಬಿಡಲಿಲ್ಲ. ಆದರೆ ಮಂಗಳವಾರ, ಆ ಸದ್ದು ಕೇಳುತ್ತ ಮಲಗಿದ್ದಾಗ, ಈ ಗಾಡಿಗೆ ಏನೋ ಒಂದಾಗಿ ಇದು ಶೆಡ್ಡಿನಲ್ಲೇ ಉಳಿದುಬಿಟ್ಟರೆ, ಅಕ್ಕ ಮನೆಯಲ್ಲೇ —

ಹಾರ್ನ್. ಎರಡನೆಯ ಸಲ. ಇಳಿಯುತ್ತೇ —