ಬಿಗಿಯಪ್ಪನ ಕಾಫಿ ಮೆಷಿನ್

ಗುರುವಾರ, ಊಟವಾದ ಮೇಲೆ

ಬಿಗಿಯಪ್ಪನಿಗೆ,

ಹಾಗೆ ಕರೆದೆನೆಂದು ಮುಖ ಊದಿಸಿಕೊಳ್ಳಬೇಡ. ಹೆಸರು ಹಿಡಿದು ಬರೆದರೆ ನೋಟಿಸು ಕಳಿಸಿದ ಹಾಗಿರುತ್ತದೆ. ಫೋನು ಮಾಡಿದರೆ ಎರಡನೇ ಮಾತಿಗೇ ಇಬ್ಬರ ದನಿಯೂ ಏರುತ್ತದೆ. ಅದಕ್ಕೇ ಈ ಕಾಗದ.

ಭಾನುವಾರ ಪೆಟ್ಟಿಗೆ ತಂದು ಎಸ್ಪ್ರೆಸೊ ಮೆಷಿನ್ ತಗೊಂಡು ಹೋಗ್ತೀನಿ, ನಂದು ಅಂತ ಅಲ್ಲಿ ಉಳಿದಿರೋದು ಅದೊಂದೇ, ಆಮೇಲೆ ನಿನಗೆ ತೊಂದರೆ ಕೊಡಲ್ಲ ಎಂದು ಮೆಸೇಜ್ ಹಾಕಿದ್ದೆಯಲ್ಲ. ಈ ಭಾನುವಾರ ಬರಬೇಡ. ಮೆಷಿನ್ ಕೊಡುವ ಸ್ಥಿತಿಯಲ್ಲಿಲ್ಲ. ಪೂರ್ತಿ ಬಿಚ್ಚಿ ಊಟದ ಮೇಜಿನ ಮೇಲೆ ಹರಡಿದ್ದೇನೆ. ನಾನು ಅಡುಗೆಕಟ್ಟೆಯ ಮುಂದೆ ನಿಂತೇ ಉಣ್ಣುತ್ತಿದ್ದೇನೆ. ಕೆಟ್ಟದ್ದನ್ನು ಹೊರಿಸಿ ಕಳಿಸಿದಳು ಎಂದು ನಿನ್ನಿಂದ ಅನ್ನಿಸಿಕೊಳ್ಳುವುದು ನನಗೆ ಬೇಡ. ಕೈ ಹಾಕಿದ್ದು ಅದಕ್ಕೇ, ಬೇರೆ ಏನೂ ಇಲ್ಲ.

ಒಳಗೆ ಏನಿತ್ತು ಗೊತ್ತೇ? ನೀರು ಕಾಯುವ ಹಿತ್ತಾಳೆ ಪಾತ್ರೆಯ ತುಂಬ ಸುಣ್ಣ. ನಮ್ಮ ಲ್ಯಾಬಿಗೆ ರಿಪೇರಿಗೆ ಬರುವ ಹಲ್ಲಿನ ಸೆಟ್ಟುಗಳೇ ಎಷ್ಟೋ ವಾಸಿ. ನಿಂಬೆ ಉಪ್ಪು ಕರಗಿಸಿದ ಬಿಸಿನೀರು ಸುರಿದೆ, ಬುಸ್ಸೆಂದು ನೊರೆ ಎದ್ದಿತು. ನೀರಿಳಿಯುವ ಜಾಲರಿಯ ಒಂದೊಂದು ತೂತನ್ನೂ ಲ್ಯಾಬಿನಿಂದ ತಂದ ಕಡ್ಡಿಯಲ್ಲಿ ಬಿಡಿಸಿದೆ. ಹೊರಮೈಗೆ ಪಾಲಿಶ್ ಹೊಡೆದೆ. ಉಜ್ಜುತ್ತಾ ಕೂತರೆ ಮನಸ್ಸಿಗೆ ಸಮಾಧಾನ ಬರುತ್ತದೆ ಎನ್ನುತ್ತಾರೆ. ಅದು ಯಾರಿಗೆ ಬರುತ್ತದೋ. ಎರಡು ಸ್ಕ್ರೂ ತೊಳೆಯುವುದು, ಎದ್ದು ಕಿಟಕಿಗೆ ಹೋಗುವುದು, ಕೆಳಗೆ ಯಾರದೋ ಸ್ಕೂಟರ್ ನಿಂತರೆ ಬಗ್ಗಿ ನೋಡುವುದು, ಮತ್ತೆ ಬಂದು ಅದೇ ಎರಡು ಸ್ಕ್ರೂ ತೊಳೆಯುವುದು. ಇದೇ ಆಗಿದೆ ನನ್ನ ಕೆಲಸ.

ನಡುವೆ ನಿಮ್ಮಮ್ಮ ಫೋನು ಮಾಡಿದ್ದರು. ಮೆಷಿನ್ ಬಿಚ್ಚಿದ್ದೇನೆ ಎಂದೆ. ಬಿಚ್ಚೋದು ಯಾರು ಬೇಕಾದ್ರೂ ಬಿಚ್ತಾರಮ್ಮ, ಜೋಡಿಸೋಕೆ ಬರುತ್ತಾ ಹೇಳು ಅಂದರು. ಬರುತ್ತೆ ಅತ್ತೆ ಅಂದುಬಿಟ್ಟೆ. ಫೋನಿಟ್ಟ ಮೇಲೆ ಯಾವ ಸ್ಕ್ರೂ ಎಲ್ಲಿಯದೆಂದು ಚೀಟಿ ಬರೆದಿಡುತ್ತಾ ಕೂತೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪುಡಿ ತುಂಬಿದ ಹಿಡಿಯನ್ನು ಮೆಷಿನ್ನಿಗೆ ಸಿಕ್ಕಿಸಿ ತಿರುಗಿಸುತ್ತೇವಲ್ಲ, ಅಲ್ಲಿ ಒಳಗಡೆ ಕೂರುವ ರಬ್ಬರ್ ವಾಷರ್ ಕಲ್ಲಾಗಿ ಹೋಗಿತ್ತು. ಆ ರಬ್ಬರಿನೊಳಕ್ಕೇ ಒಂದು ಸ್ಕ್ರೂ ತಿರುಗಿಸಿ, ಇಕ್ಕಳದಲ್ಲಿ ಹಿಡಿದು, ಹಲ್ಲು ಕೀಳುವ ಹಾಗೆ ಕಿತ್ತೆ. ಆ ವಾಷರಿನ ಒಂದು ಅಂಚು ಓರೆಯಾಗಿರುತ್ತದೆ. ಓರೆ ಮೇಲಕ್ಕಿರಬೇಕು. ನಮ್ಮದರಲ್ಲಿ ಕೆಳಕ್ಕಿತ್ತು.

ಹಾಗೆ ಕೂರಿಸಿದರೆ ಯಾರು ಎಷ್ಟು ಬಿಗಿದರೂ ಸೋರುವುದೇ. ಹಿಡಿಯ ಪಕ್ಕದಿಂದ ನೀರು ಜಿನುಗಿದಾಗಲೆಲ್ಲ ನಾನು ಸಡಿಲ ಬಿಟ್ಟೆನೆಂದು ನೀನು, ಬಿಗಿದೂ ಬಿಗಿದೂ ನೀನೇ ಹಾಳು ಮಾಡಿದೆಯೆಂದು ನಾನು. ಮದುವೆಯ ಹೊಸದರಲ್ಲಿ ತಮಾಷೆಗೆ ಇಟ್ಟುಕೊಂಡ ಬಿಗಿಯಪ್ಪ, ಸಡಿಲಮ್ಮ ಎನ್ನುವ ಹೆಸರುಗಳು ಕೊನೆಕೊನೆಗೆ ಬೈಗುಳಗಳೇ ಆಗಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀನು ಹಂಗಿಸುತ್ತಿದ್ದೆ. ನೋಡಿಕೋ ಪುಣ್ಯಾತ್ಮ, ನೆಲ ನಿಜವಾಗಿಯೂ ಡೊಂಕಾಗಿತ್ತು. ನನಗೂ, ನಿನಗೂ.

ಹಾಕಿದವರು ಯಾರು ಎನ್ನುತ್ತೀಯಾ? ನಾವೇ. ಹಳೇ ಸಾಮಾನಿನ ಅಂಗಡಿಯಿಂದ ಇದನ್ನು ಹೊತ್ತು ತಂದ ದಿನ ನೀನು ಕಟ್ಟೆಗೆ ಗದ್ದ ಊರಿ ಟಾರ್ಚ್ ಹಿಡಿದಿದ್ದೆ, ನಾನು ಬೆರಳಿಂದ ವಾಷರ್ ಒತ್ತಿದೆ. ಸರಿಯಾಗಿ ಕೂತಿತಾ ಎಂದು ಕೇಳಿದೆ. ಅಳತೆ ಕೊಟ್ಟು ಮಾಡಿಸಿದ ಹಾಗಿದೆ ಎಂದು ನೀನು ಹೇಳಿದೆ. ನಾನು ಹಲ್ಲಿನ ಸೆಟ್ಟು ಕಟ್ಟುವವಳು, ನೀನು ಕನ್ನಡಕ ಕೂರಿಸುವವನು. ಊರವರ ಬಾಯಿಗೂ ಮೂಗಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಹೊಂದಿಸಿ ಕಳಿಸುತ್ತೇವೆ. ನಮ್ಮ ಅಡುಗೆಮನೆಯಲ್ಲಿ ಮಾತ್ರ ಇಬ್ಬರಿಗೂ ಕಣ್ಣು ಕಾಣಲಿಲ್ಲ.

ಆ ಬೆಳಿಗ್ಗೆ ಹಿಡಿ ಕಳಚಿಕೊಂಡು ಬಿಸಿ ಚರಟವೆಲ್ಲ ನಿನ್ನ ಬಿಳಿ ಅಂಗಿಗೆ ಸಿಡಿಯಿತಲ್ಲ, ಅದನ್ನೇ ಯೋಚಿಸುತ್ತಿದ್ದೇನೆ. ನಿನಗೆ ಯಾವುದನ್ನೂ ಗಟ್ಟಿಯಾಗಿ ಹಿಡಿಯೋಕೆ ಬರಲ್ಲ ಅಂದೆ ನೀನು. ನಿನಗೆ ಬಿಡೋಕೇ ಬರಲ್ಲ ಅಂದೆ ನಾನು. ಅಲ್ಲಿಂದ ಮಾತು ಮೆಷಿನ್ ಬಿಟ್ಟು ಎಲ್ಲೆಲ್ಲಿಗೋ ಹೋಯಿತು. ಬಾಡಿಗೆ ರೂಮು ಸಿಕ್ಕಿದ ದಿನ ನೀನು ಮೊದಲು ಒಯ್ದದ್ದು ಬಟ್ಟೆ, ಇಸ್ತ್ರಿ ಪೆಟ್ಟಿಗೆ ಮತ್ತು ಆ ಟಾರ್ಚು. ವಾಷರ್ ಒಂದರಿಂದಲೇ ಮನೆ ಒಡೆಯಿತು ಎನ್ನುವಷ್ಟು ದಡ್ಡಿಯಲ್ಲ ನಾನು. ಆದರೂ ದಿನಾ ಬೆಳಗಾಗುವುದೇ ಜಗಳದಿಂದ ಅಲ್ಲದಿದ್ದರೆ, ಉಳಿದದ್ದನ್ನು ಕೂತು ಮಾತಾಡಿಕೊಳ್ಳಲು ಸ್ವಲ್ಪ ತಾಳ್ಮೆ ಉಳಿಯುತ್ತಿತ್ತೇನೋ. ಇದೇ ಯೋಚನೆ ತಲೆ ತಿನ್ನುತ್ತಿದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಈ ಪುಟವನ್ನೂ ಮೂರು ಸಲ ಎದ್ದು ಹೋಗಿ ಬಂದು ಬರೆದಿದ್ದೇನೆ.

ಹೊಸ ವಾಷರಿಗೆ ಹೇಳಿದ್ದೇನೆ. ಇನ್ನೂ ಬಂದಿಲ್ಲ. ಹಳೇ ಮಾದರಿ, ಸಿಗುವುದು ಕಷ್ಟವಂತೆ. ಬಂದ ಮೇಲೆ ನಾನೇ ತಿಳಿಸುತ್ತೇನೆ, ಅಲ್ಲಿಯವರೆಗೆ ಅವಸರ ಮಾಡಬೇಡ. ಕಾಫಿ ಬೇಕೆನಿಸಿದರೆ ನಿನ್ನ ರೂಮಿನ ಕೆಳಗೇ ಹೋಟೆಲಿದೆಯಲ್ಲ, ಅಲ್ಲಿ ಸಡಿಲ ಬಿಡುವವರು ಯಾರೂ ಇರುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ಸಡಿಲಮ್ಮ

ಮತ್ತೆ: ಕಾಗದ ಅಂಟಿಸಿಕೊಂಡು ಅಂಚೆ ಡಬ್ಬದವರೆಗೂ ಹೋಗಿ ವಾಪಸು ಬಂದೆ, ಒಡೆದು ಇಷ್ಟು ಸೇರಿಸುತ್ತಿದ್ದೇನೆ. ವಾಷರ್ ಸೋಮವಾರವೇ ಬಂತು. ಓರೆಯನ್ನು ಮೇಲಕ್ಕೆ ಮಾಡಿ ಕೂರಿಸಿ, ಎಲ್ಲ ಜೋಡಿಸಿದೆ. ಹಿಡಿಯನ್ನು ಎರಡೇ ಬೆರಳಲ್ಲಿ ತಿರುಗಿಸಿದೆ, ಒಂದು ಹನಿ ಸೋರಲಿಲ್ಲ. ಅಭ್ಯಾಸಬಲದಿಂದ ಎರಡು ಲೋಟ ಇಟ್ಟಿದ್ದೆ. ನಿನ್ನದು ಆರಿ ಹೋಯಿತು, ಚೆಲ್ಲಿದೆ. ಆಮೇಲೆ ಭಾನುವಾರದ ನೆನಪಾಗಿ ಎಲ್ಲವನ್ನೂ ಮತ್ತೆ ಬಿಚ್ಚಿ ಹರಡಿದೆ. ಇದೂ ಹೋದರೆ ನೀನು ಈ ಮನೆಗೆ ಬರಲು ಒಂದು ನೆಪವೂ ಉಳಿಯುವುದಿಲ್ಲವಲ್ಲ. ಭಾನುವಾರವೇ ಬಾ. ಪೆಟ್ಟಿಗೆ ತರಬೇಡ, ಟಾರ್ಚ್ ತಾ.