ತುಳಸಿಯ ಕೆನ್ನೆ ಇಳಿದಿದೆ, ಬನ್ನಿ

ಮುಳಬಾಗಿಲು
ಕಾರ್ತಿಕ ಸೋಮವಾರ, ೧೯೮೩

ದೇವರಾಯಸಮುದ್ರದಲ್ಲಿ ನನ್ನ ಮೇಲೆ ಮುನಿಸಿಲ್ಲದೆಯೂ ಮೌನವಾಗಿರುವ ಅತ್ತೆಯವರಿಗೆ, ಸೊಸೆ ಶ್ಯಾಮಲಳ ನಮಸ್ಕಾರಗಳು.

ನಿನ್ನೆ ರಾತ್ರಿ ನಾನು ನಿದ್ದೆ ಮಾಡಿದೆ ಅತ್ತೆ. ಹಾಲಿನವನು ಬಾಗಿಲು ಬಡಿದು ಬಡಿದು ಸಾಕಾಗಿ, ಪಕ್ಕದ ಮನೆ ಜಾನಕಮ್ಮನವರ ಪಾತ್ರೆಗೆ ನಮ್ಮ ಹಾಲನ್ನೂ ಸುರಿದು ಹೋದನಂತೆ. ‘ಏನ್ರೀ, ಸತ್ತೇ ಹೋದ್ರೇನೋ ಅನ್ಕೊಂಡೆ’ ಎಂದು ಅವರು ನಗುತ್ತಾ ಹಾಲು ತಂದುಕೊಟ್ಟರು. ನಾನೂ ನಕ್ಕೆ. ಮಗು ತುಳಸಿಗೆ ಕಾಯಿಲೆ ಶುರುವಾದಾಗಿನಿಂದ ಹೀಗೆ ಮಲಗಿದ್ದು ನೆನಪೇ ಇಲ್ಲ.

ಬೆಂಗಳೂರಿನ ಡಾಕ್ಟರು ರಕ್ತಪರೀಕ್ಷೆ ನೋಡಿ, ‘ಲಿವರಿನ ಉರಿ ತಣ್ಣಗಾಗಿದೆ ಕಣಮ್ಮ’ ಎಂದರು. ನಿಮ್ಮ ಮಗ ಅಲ್ಲೇ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಎಷ್ಟು ಒರೆಸಿದರೂ ಮುಗಿಯಲಿಲ್ಲ. ಈ ಸುದ್ದಿ ಮೊದಲು ನಿಮಗೇ ತಿಳಿಯಬೇಕೆಂದು ಬರೆಯುತ್ತಿದ್ದೇನೆ. ಮಾವ ಓದಿ ಹೇಳುತ್ತಿರುತ್ತಾರೆ. ಮಾವ, ನಿಮ್ಮ ಅಭ್ಯಾಸದಂತೆ ‘ಎಲ್ಲಾ ಚೆನ್ನಾಗವ್ರಂತೆ’ ಎಂದು ಕಾಗದ ಮಡಚಬೇಡಿ. ಒಂದು ಸಾಲೂ ಬಿಡದೆ ಓದಿ.

ಅತ್ತೆ, ಹೋದ ವರ್ಷ ತುಳಸಿಯ ಕಣ್ಣು ಹಳದಿಯಾದಾಗ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ಕುಡಿಸಿದವರು ನೀವೇ. ಉಪ್ಪಿಲ್ಲದ ಪಥ್ಯ ಮಾಡಿಸಿದಿರಿ. ಅವಳ ಜೊತೆ ನೀವೂ ಉಪ್ಪು ಬಿಟ್ಟಿರಿ. ಊರಿನ ಎಷ್ಟೋ ಮಕ್ಕಳ ಕಾಮಾಲೆ ಹಾಗೇ ಇಳಿದುಹೋಗಿತ್ತು. ಇವಳದ್ದು ಇಳಿದಂತೆ ಮಾಡಿ ಮತ್ತೆ ಮತ್ತೆ ಬಂತು. ಇದು ನೀರಿನಿಂದ ಬಂದ ಕಾಮಾಲೆಯಲ್ಲ, ಮೈಯನ್ನು ಕಾಯಬೇಕಾದ ಶಕ್ತಿಯೇ ದಿಕ್ಕು ತಪ್ಪಿ ಲಿವರಿನ ಮೇಲೆ ಬಿದ್ದಿದೆ ಎಂದು ಬೆಂಗಳೂರಿನಲ್ಲಿ ಹೇಳಿದಾಗ ನೀವು ಕೇಳಿದಿರಿ: ‘ಅಂದ್ರೆ ಮನೆ ನಾಯಿ ಮನೆ ಮಗೂನೇ ಕಚ್ತಾ ಐತಾ?’

ಆಮೇಲೆ ಬಿಳಿ ಮಾತ್ರೆ ಬಂತು. ಕಣ್ಣಿನ ಹಳದಿ ಹೋಯಿತು. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದ ಹುಡುಗಿ ಮುದ್ದೆಯ ಮೇಲೆ ಮುದ್ದೆ ಕೇಳತೊಡಗಿದಳು. ಕೆನ್ನೆ ಉಬ್ಬಿ, ಮುಖ ಹುಣ್ಣಿಮೆಯ ಚಂದ್ರನ ಹಾಗಾಯಿತು. ನೀವು ಕಂಡವರಿಗೆಲ್ಲ ಅವಳನ್ನು ತೋರಿಸಿದಿರಿ. ಸಂಜೆಯಾದರೆ ಉಪ್ಪು, ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದಿರಿ. ‘ನಮ್ಮ ಬಂಗಾರು ತಲ್ಲಿ ಈಗ ಮನುಷ್ಯಳಾದಳು’ ಅಂದಿರಿ. ಆ ಕೆನ್ನೆ ಕಂಡು ನನಗೂ ಮುತ್ತಿಡಬೇಕೆನಿಸುತ್ತಿತ್ತು. ಆದರೆ ಅದು ಊಟದಿಂದ ಬಂದ ದಪ್ಪವಲ್ಲ, ಮಾತ್ರೆಯ ಊತ. ಆ ಮಾತ್ರೆಯನ್ನೇ ಹೆಚ್ಚು ಕಾಲ ಕೊಟ್ಟರೆ ಮೂಳೆ ಸವೆಯುತ್ತದೆ, ಮಗು ಎತ್ತರ ಬೆಳೆಯುವುದಿಲ್ಲ. ಅದಕ್ಕೇ ಜೊತೆಗೆ ಹಳದಿ ಮಾತ್ರೆ ಸೇರಿಸಿದರು. ಅದು ಅರ್ಧ ಭಾರ ಹೊತ್ತರೆ ಬಿಳಿಯದನ್ನು ಕಮ್ಮಿ ಮಾಡಬಹುದು, ಮುಖದ ಊತವೂ ಇಳಿಯುತ್ತದೆ. ಇದೆಲ್ಲ ನನಗೆ ಗೊತ್ತಿತ್ತು, ಏಕೆಂದರೆ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು. ನಿಮಗೆ ಯಾರೂ ಹೇಳಿರಲಿಲ್ಲ.

ಬೇಸಿಗೆ ರಜೆಗೆ ಅವಳನ್ನು ನಿಮ್ಮ ಹತ್ತಿರ ಬಿಟ್ಟು ನಾನು ಬಿ.ಎಡ್. ಪರೀಕ್ಷೆಗೆ ಕೂತೆ. ನೀವು ದಿನಾ ಅವಳ ಕೆನ್ನೆ ಸವರಿ ನೋಡಿದಿರಿ. ಬಿಳಿಯದು ಕಮ್ಮಿಯಾದಂತೆ ದಿನಾ ಅದು ಒಂದಿಷ್ಟು ಕರಗುತ್ತಿತ್ತು. ಹಳದಿ ಮಾತ್ರೆ ಬಂದ ಮೇಲೆಯೇ ಮಗು ಬಾಡುತ್ತಿದೆ ಎಂದುಕೊಂಡಿರಿ. ಯಾವ ಅಜ್ಜಿ ಅಂದುಕೊಳ್ಳುವುದಿಲ್ಲ?

ಜೂನ್‌ನಲ್ಲಿ ಅವಳು ಮನೆಗೆ ಬಂದ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಕರೆದು ಕಣ್ಣಿನ ರೆಪ್ಪೆ ಇಳಿಸಿ ನೋಡಿದೆ. ಮತ್ತೆ ಹಳದಿ. ಅವಳನ್ನು ಬಿಡಲು ಬಂದಿದ್ದ ನಿಮ್ಮನ್ನೂ ಮಾವನನ್ನೂ ಕರೆದುಕೊಂಡು ಬೆಂಗಳೂರಿನ ಬಸ್ಸು ಹತ್ತಿದೆವು. ‘ಮಾತ್ರೆಗಳು ಕೆಲಸ ಮಾಡುತ್ತಿಲ್ಲವೆಂದರೆ ಮುಂದೇನು?’ ಎಂದು ನಾವು ಡಾಕ್ಟರ ಮುಂದೆ ಅಳುತ್ತಿದ್ದಾಗ, ಹಿಂದೆ ನಿಂತಿದ್ದ ನೀವು ಎಲೆಅಡಿಕೆ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದಿರಿ. ಅಡಿಕೆ ಚೂರು, ಕಡ್ಡಿಪುಡಿ, ಅವುಗಳ ನಡುವೆ ಸುಣ್ಣ ಮೆತ್ತಿದ ಹಳದಿ ಮಾತ್ರೆಗಳು.

‘ಹಳದಿ ಕಾಯಿಲೆಗೆ ಹಳದಿ ಮಾತ್ರೆ ಕೊಟ್ರೆ ಹಳದಿ ಹೋಯ್ತದಾ ಸಾಮಿ? ಮಗೂನ ಒಣಗಿಸ್ತಾ ಇತ್ತು. ನಾನೇ ಎತ್ತಿಟ್ಟೆ. ಬಿಸಾಕಿಲ್ಲ, ನೋಡಿ, ಎಲ್ಲಾ ಇದಾವೆ.’

ಅತ್ತೆ, ಆ ಕ್ಷಣ ನನಗೆ ಏನಾಯಿತೆಂದು ನಿಮಗೆ ಎಂದೂ ಹೇಳಿಲ್ಲ. ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಮೊದಲು ಜೀವ ಬಂತು. ಔಷಧಿ ಸೋತಿರಲಿಲ್ಲ, ಹೊಟ್ಟೆಗೇ ಹೋಗಿರಲಿಲ್ಲ! ನೀವು ಆ ಚೀಲ ಬಿಚ್ಚದೆ ಸುಮ್ಮನಿದ್ದಿದ್ದರೆ ಡಾಕ್ಟರು ಈ ಮಾತ್ರೆಗಳನ್ನೇ ಕೈಬಿಡುತ್ತಿದ್ದರೋ ಏನೋ. ಅವರು ಬೈಯಲಿಲ್ಲ. ಕುರ್ಚಿ ಎಳೆದು ನಿಮ್ಮನ್ನು ಕೂರಿಸಿ, ನನಗೆ ಹೇಳಿದ್ದನ್ನೆಲ್ಲ ನಿಮಗೆ ಮೊದಲಿನಿಂದ ಹೇಳಿದರು. ಬಾಗಿಲ ಹತ್ತಿರ ನಿಂತಿದ್ದ ಮಾವ, ‘ಲೇ ಇವಳೇ, ನೀರೆತ್ತೋ ಕಪಿಲೆಗೆ ಒಂದೇ ಎತ್ತು ಹೂಡಿದ್ರೆ ಬಾವಿ ನೀರೂ ಬರಲ್ಲ, ಎತ್ತೂ ಉಳಿಯಲ್ಲ. ಜೋಡಿ ಕಟ್ಬೇಕು ಅಂತಾವ್ರೆ’ ಅಂದರು. ನೀವು ಅಷ್ಟಕ್ಕೇ ತಲೆಯಾಡಿಸಿದಿರಿ.

ಅಂದಿನಿಂದ ನೀವು ನಮ್ಮ ಮನೆ ಹೊಸ್ತಿಲು ತುಳಿದಿಲ್ಲ. ದೀಪಾವಳಿಗೆ ನಾವೇ ಬಂದಾಗ, ಬಿಸಿ ಕಜ್ಜಾಯಕ್ಕೆ ತುಳಸಿ ಕೈಯೊಡ್ಡಿದರೆ ನೀವು ತಟ್ಟೆಯನ್ನು ನನ್ನ ಕಡೆ ಸರಿಸಿ, ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಿರಿ. ‘ನಿಮ್ಮಮ್ಮನ ಕೈಲಿ ಇಸ್ಕೋ ತಲ್ಲಿ, ನನ್ನ ಕೈ ಬ್ಯಾಡ.’ ಆ ಮಾತು ಅಂದಿನಿಂದ ನನ್ನ ಎದೆಯಲ್ಲಿ ಕೂತಿದೆ. ಅವಳು ದಾರಿಯುದ್ದಕ್ಕೂ ಕೇಳಿದಳು: ‘ಅಜ್ಜಿ ಕೈಗೆ ಏನಾಗಿದೆ ಅಮ್ಮ?’

ಏನೂ ಆಗಿಲ್ಲ ಎಂದು ಹೇಳುವುದಕ್ಕೇ ಈ ಕಾಗದ. ಎರಡೂ ಮಾತ್ರೆ ಜೊತೆಯಾಗಿ ಅವಳ ಮೈಯೊಳಗಿನ ಆ ನಾಯಿಯನ್ನು ಮಲಗಿಸಿವೆ. ಮಾತ್ರೆ ಇನ್ನೂ ಬಹಳ ಕಾಲ ಬೇಕು, ರಕ್ತಪರೀಕ್ಷೆಗೆ ಹೋಗುತ್ತಲೇ ಇರಬೇಕು, ಅದು ಇದ್ದದ್ದೇ. ಆದರೆ ಬಿಳಿಯದು ಈಗ ಚೂರೇ ಚೂರು. ಕೆನ್ನೆ ಪೂರ್ತಿ ಇಳಿದಿದೆ. ಹಳೆಯ ಲಂಗ ಗಿಡ್ಡವಾಗಿದೆ, ಎತ್ತರವಾಗುತ್ತಿದ್ದಾಳೆ ಅತ್ತೆ! ನಿಮ್ಮದೇ ಚೂಪು ಗಲ್ಲ ಹೊರಗೆ ಬಂದಿದೆ. ನಿನ್ನೆ ಕನ್ನಡಿ ನೋಡಿಕೊಂಡು, ‘ನಾನು ಅಜ್ಜಿ ಥರಾ ಆಗ್ಬಿಟ್ಟೆ’ ಅಂದಳು.

ಈ ಭಾನುವಾರ ಬನ್ನಿ. ಬರುವಾಗ ಕಲ್ಲುಪ್ಪು, ಒಣಮೆಣಸಿನಕಾಯಿ ನಿಮ್ಮ ಮನೆಯದೇ ತನ್ನಿ. ಆ ಗುಂಡು ಮುಖಕ್ಕೆ ಎಷ್ಟು ಸಲ ದೃಷ್ಟಿ ತೆಗೆದಿರಿ! ಈ ಸಣ್ಣ ಮುಖಕ್ಕೆ ಇನ್ನೂ ಯಾರೂ ತೆಗೆದಿಲ್ಲ. ಸೋಮವಾರ ಬೆಳಿಗ್ಗೆ ತಿಂಡಿಯಾದ ಮೇಲೆ ನಾನು ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ. ಬಿಳಿಯದು, ಹಳದಿಯದು, ಎರಡನ್ನೂ ನಿಮ್ಮ ಕೈಯಿಂದಲೇ ಅವಳಿಗೆ ಕೊಡಿ.

ನಿಮ್ಮ ಕೈ ಅವಳ ತಲೆಯ ಮೇಲೆ ನೂರು ಕಾಲ ಇರಲಿ ಎಂದು ಬೇಡುವ,
ನಿಮ್ಮ ಸೊಸೆ
ಶ್ಯಾಮಲ